‘ದಾಸ್ತಾನು’ ಎಂದರೆ ಎತ್ತಿಟ್ಟದ್ದೋ, ಬಚ್ಚಿಟ್ಟದ್ದೋ?

ಕೊಡಗಿನ ಕಾಫಿ ಬೆಳೆಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಡಗಿನ ದಾರಿ ಕೆಟ್ಟಾಗ ಮಾಲನ್ನು ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ದಿನ, ಹೇಗೆ ಎನ್ನುವುದು ಅದರ ವಿಷಯ. ಎರಡು ಪದಗಳ ಹತ್ತಿರ ಕೆಲಸ ನಿಂತಿದೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಸೇಫ್ಟಿ ಸ್ಟಾಕ್’. ಸರಕು ಬರುವುದು ತಡವಾದರೂ ಕೆಲಸ ನಿಲ್ಲದಿರಲಿ ಅಂತ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಈ ಮಾತು ನಮ್ಮಲ್ಲೂ ಕೇಳಿಬರುತ್ತಿದೆ. ನಮ್ಮ ಕಾಫಿಯಲ್ಲಿ ದೊಡ್ಡ ಪಾಲು ಹೋಗುವುದು ಇಟಲಿ, ಜರ್ಮನಿ ಕಡೆಗೆ. ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋದರೆ ಸುಮಾರು ಹತ್ತು ದಿನ ಜಾಸ್ತಿ ಹಿಡಿಯುತ್ತದೆ. ಅಷ್ಟು ದಿನ ಕಾಫಿ ಎಲ್ಲಾದರೂ ಇರಲೇಬೇಕಲ್ವಾ? ಹಡಗಿನಲ್ಲೋ, ಬಂದರಿನಲ್ಲೋ, ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲೋ, ಇಲ್ಲಾ ಬೆಳೆಗಾರರ ಗೋದಾಮಿನಲ್ಲೋ.

ನಾನು ‘ಸುರಕ್ಷತಾ ದಾಸ್ತಾನು’ ಎಂದು ಬರೆದಿದ್ದೆ. ಕರಡು ಓದಿದ ಸಿದ್ದಾಪುರದ ಬೆಳೆಗಾರರೊಬ್ಬರು, “ದಾಸ್ತಾನು ಅಂದ್ರೆ ಪೊಲೀಸ್ ಬಂದು ಹಿಡಿಯೋದಲ್ವಾ?” ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಪತ್ರಿಕೆಯಲ್ಲಿ ಈ ಪದ ಹೆಚ್ಚಾಗಿ ಬರುವುದು ‘ಅಕ್ರಮ’ದ ಜೊತೆ. ಅಕ್ರಮ ಮರಳು ದಾಸ್ತಾನು, ಅಕ್ರಮ ಮದ್ಯ ದಾಸ್ತಾನು, ಹೀಗೆ. ಕಚೇರಿಯ ‘ದಾಸ್ತಾನು ಪುಸ್ತಕ’ದಲ್ಲಿ ಆ ಕೊಳೆ ಇಲ್ಲ, ನಿಜ. ಆದರೆ ತೋಟದವರು ಕಚೇರಿಯ ಪುಸ್ತಕ ಓದುವುದಿಲ್ಲ, ಬೆಳಗ್ಗೆ ಪೇಪರ್ ಓದುತ್ತಾರೆ. ‘ಕಾಪು ದಾಸ್ತಾನು’ ಎಂದರೂ ಅದೇ ತೊಂದರೆ. ‘ಆಪದ್ಧನ’ದ ದಾರಿ ಹಿಡಿದು ‘ಆಪತ್ಸರಕು’ ಎಂದು ನೋಡಿದೆ, ನಾಲಿಗೆ ಹೊರಳಲಿಲ್ಲ.

ಆಮೇಲೆ ಜನ ಆಡುವುದನ್ನೇ ಗಮನಿಸತೊಡಗಿದೆ. ನಾವು ಈ ವ್ಯತ್ಯಾಸವನ್ನು ನಾಮಪದದಲ್ಲಿ ತೋರಿಸುವುದೇ ಇಲ್ಲ, ಕ್ರಿಯಾಪದದಲ್ಲಿ ತೋರಿಸುತ್ತೇವೆ! ‘ಮಾಲು ಹಿಡಿದಿಟ್ಟಿದ್ದಾರೆ’ ಎಂದರೆ ರೇಟು ಏರಲಿ ಅಂತ ಕಾಯುತ್ತಿದ್ದಾರೆ. ‘ಮಾಲು ಬಿದ್ದಿದೆ’ ಎಂದರೆ ಕೇಳುವವರಿಲ್ಲ. ‘ಎತ್ತಿಟ್ಟಿದ್ದಾರೆ’ ಎಂದರೆ ಮುಂದಕ್ಕೆ ಬೇಕಾದೀತು ಅಂತ. ‘ಬಚ್ಚಿಟ್ಟಿದ್ದಾರೆ’ ಎಂದರೆ ಹೇಳಬೇಕಾಗಿಯೇ ಇಲ್ಲ. ಗೋದಾಮಿನಲ್ಲಿರುವುದು ಅದೇ ಐವತ್ತು ಚೀಲ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಹಾಗಾಗಿ ‘ಎತ್ತಿಟ್ಟ ಸರಕು’ ಎಂದು ಬರೆಯುವ ಮನಸ್ಸಾಗಿದೆ. ಪಾರಿಭಾಷಿಕ ಪದದ ಠೀವಿ ಇದಕ್ಕಿಲ್ಲ ಎನ್ನುವವರಿದ್ದಾರೆ. ನನಗೆ ಅದು ಕೊರತೆ ಅನ್ನಿಸುತ್ತಿಲ್ಲ.

ಎರಡನೆಯದು ‘ಸುಸ್ಥಿರತೆ’. ಅದೇ ಬೆಳೆಗಾರರು ಇದನ್ನು ‘ರೇಟು ಸ್ಥಿರವಾಗಿರುವುದು’ ಎಂದು ಓದಿಕೊಂಡರು. ಮಣ್ಣು, ನೀರು, ನೆರಳಿನ ಮರ ಉಳಿಸಿಕೊಂಡು ತೋಟ ಮಕ್ಕಳ ಕಾಲಕ್ಕೂ ಬರಬೇಕು ಎನ್ನುವುದಕ್ಕೆ ‘ಬಾಳಿಕೆ’ ಎಷ್ಟು ಚೆನ್ನಾಗಿದೆ! ಚಪ್ಪಲಿ ಬಾಳಿಕೆ ಬರುತ್ತದೆ, ಪಾತ್ರೆ ಬಾಳಿಕೆ ಬರುತ್ತದೆ, ತೋಟವೂ ಬರಲಿ. ಆದರೆ ಎತ್ತಿಟ್ಟ ಕಾಫಿ ಎಷ್ಟು ದಿನ ಕೆಡದೆ ಇರುತ್ತದೆ ಎನ್ನುವುದಕ್ಕೂ ನನಗೆ ಇದೇ ಪದ ಬೇಕು. ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುತ್ತದೆ. ಜುಲೈ ಮಳೆಯಲ್ಲಿ ಗೋಣಿ ತೇವ ಎಳೆದುಕೊಂಡರೆ ಆ ಸದ್ದು ಮಂಕಾಗುತ್ತದೆ, ಬೀಜ ಬಿಳಿಚಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಅದಕ್ಕೇ ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡುವುದು. ಒಂದೇ ಪುಟದಲ್ಲಿ ತೋಟದ ಬಾಳಿಕೆ, ಚೀಲದ ಬಾಳಿಕೆ ಎರಡೂ ಬಂದರೆ ಗೊಂದಲವಾಗುತ್ತದಾ?

ಎರಡೂ ಒಟ್ಟಿಗೆ ಬರುವುದು ತಪ್ಪುವುದಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಕಾಯ್ದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗಿದೆ, ಆದರೆ ಎತ್ತಿಟ್ಟ ಪ್ರತಿ ಚೀಲವೂ ಯಾವ ಜಮೀನಿನದು ಅಂತ ಗೊತ್ತಿರಲೇಬೇಕು. ಇದಕ್ಕೆ ‘ಮೂಲದ ಗುರುತು’ ಸಾಕು ಅನ್ನಿಸಿದೆ.

ನಿಮ್ಮ ಕಡೆ ಅಡಿಕೆ, ಮೆಣಸು, ಭತ್ತ ಇಟ್ಟುಕೊಂಡಾಗ ಯಾವ ಮಾತು ಬಳಸುತ್ತೀರಿ? ಬಯಲುಸೀಮೆಯವರಲ್ಲಿ ಇನ್ನೊಂದು ಕೇಳಬೇಕು. ಬರಗಾಲಕ್ಕೆ ಅಂತ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಗುಂಡಿಗೆ ಹಗೇವು ಅನ್ನುವ ಹೆಸರಿದೆ. ಒಳಗಿಟ್ಟ ಆ ರಾಗಿಗೂ ಬೇರೆ ಹೆಸರಿತ್ತಾ?