ಟೆಂಪೊ, ಟೈಮ್ ಸಿಗ್ನೇಚರ್, ಬಾರ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಸುತ್ತಮುತ್ತ ತತ್ವಪದ, ವಚನ ಹಾಡುವ ಹುಡುಗರು ಈಗ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಮಾಡಿಕೊಳ್ಳುತ್ತಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲು ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ (ತಾಳದ ಬಡಿತ) ಎಂಬ ಲೆಕ್ಕ. ಇದನ್ನು 'ವೇಗ' ಎಂದರೆ ತೊಂದರೆ ಇದೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಬದಲಿಸುವುದೇ ಬೇರೆ, ಟೆಂಪೊ ಬದಲಿಸುವುದೇ ಬೇರೆ. ನಿಮಿಷಕ್ಕೆ 80 ಬೀಟ್ ಇರುವ ಹಾಡನ್ನು ಸ್ಪೀಡ್ ಏರಿಸಿ 96 ಮಾಡಿದರೆ ಶ್ರುತಿಯೂ ಸುಮಾರು 3 ಸ್ವರಸ್ಥಾನ ಮೇಲೇರುತ್ತದೆ. ಹಾಡಿದವರ ದನಿಯೇ ಬದಲಾಗುತ್ತದೆ. ಟೆಂಪೊ ಏರಿಸಿದರೆ ಶ್ರುತಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಸ್ಪೀಡಿಗೆ 'ವೇಗ', ಟೆಂಪೊಗೆ 'ಲಯ' ಇರಲಿ ಅನ್ನುವುದು ನನ್ನ ಆಯ್ಕೆ. ಇಲ್ಲಿನ ತಬಲಾದವರಿಗೆ ವಿಲಂಬಿತ (ನಿಧಾನ) ಲಯ, ದ್ರುತ (ಚುರುಕು) ಲಯ ಹೊಸ ಮಾತಲ್ಲ. ಲಯಕ್ಕೆ ಬೇರೆ ಅರ್ಥಗಳೂ ಇವೆ ನಿಜ. ಆದರೆ 'ಲಯ: 90' ಎಂದು ಕಂಡಾಗ ಯಾರೂ ತಪ್ಪು ತಿಳಿಯಲಾರರು, ಅಲ್ವಾ?

ಕರ್ನಾಟಕ ಸಂಗೀತದ 'ಕಾಲ' ಇಲ್ಲಿ ಕೂಡುವುದಿಲ್ಲ. ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋದರೆ ಸರಿಯಾಗಿ ದುಪ್ಪಟ್ಟು. 80ರಿಂದ 84ಕ್ಕೆ ಏರಿಸುವುದನ್ನು ಆ ಮಾತಿನಲ್ಲಿ ಹೇಳಲಾಗದು. 'ಗತಿ'ಯನ್ನೂ ಬಿಟ್ಟಿದ್ದೇನೆ. ಒಂದು ಬೀಟನ್ನು ಮೂರಾಗಿ ಒಡೆದರೆ ತಿಶ್ರ ಗತಿ, ಐದಾಗಿ ಒಡೆದರೆ ಖಂಡ ಗತಿ. ಆ ಕೆಲಸಕ್ಕೆ ಅದು ಬೇಕೇ ಬೇಕು.

ಬೀಟಿಗೆ 'ಮಾತ್ರೆ' ಚೆನ್ನಾಗಿದೆ. 'ನಿಮಿಷಕ್ಕೆ 90 ಮಾತ್ರೆ' ಎಂದು ಓದಿದವರಿಗೆ ಗುಳಿಗೆ ನೆನಪಾಗಬಹುದು. ಛಂದಸ್ಸಿನಲ್ಲಿ ಲಘು ಒಂದು ಮಾತ್ರೆ, ಗುರು ಎರಡು ಎಂಬ ಲೆಕ್ಕವೂ ಇದೆ. ಹಾಡುವಾಗ ಒಂದೇ ಬೀಟಿನಲ್ಲಿ ನಾಲ್ಕು ಅಕ್ಷರ ಕೂರಬಹುದು, ಒಂದೇ ಅಕ್ಷರ ನಾಲ್ಕು ಬೀಟ್ ಎಳೆಯಬಹುದು. ಎರಡೂ ಲೆಕ್ಕ ಬೇರೆ ಎಂದು ಒಂದು ಸಾಲು ಬರೆದರೆ ಸಾಕು ಅನಿಸುತ್ತದೆ.

ಬೀಟುಗಳನ್ನು ಗುಂಪು ಮಾಡುವ ಕ್ರಮಕ್ಕೆ ಇಂಗ್ಲಿಷಿನಲ್ಲಿರುವ ಮೀಟರ್ ಎಂಬ ಪದವನ್ನಂತೂ ಹಾಗೇ ಇಡಲಾರೆ. ಅದೇ ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಮೀಟರ್ ಬೇರೆ ಕುಣಿಯುತ್ತಿರುತ್ತದೆ.

ನಿಜವಾದ ಕಷ್ಟ ಟೈಮ್ ಸಿಗ್ನೇಚರ್ ಮತ್ತು ಬಾರ್‌ನದು. ಬೀಟುಗಳ ಒಂದೊಂದು ಗುಂಪು ಬಾರ್; ಒಂದು ಬಾರ್‌ನಲ್ಲಿ ಎಷ್ಟು ಬೀಟ್ ಎಂದು ಹೇಳುವುದು ಟೈಮ್ ಸಿಗ್ನೇಚರ್. 4/4 ಎಂದರೆ ಒಂದು ಬಾರ್‌ಗೆ ನಾಲ್ಕು ಬೀಟ್. ತೀನ್‌ತಾಲ್ ಎಂಬ ಹಿಂದೂಸ್ತಾನಿ ತಾಳಕ್ಕೆ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ. 4/4 ಇಟ್ಟರೆ ಬಾರ್ ಎಂಬುದು ಒಂದು ವಿಭಾಗವಾಗುತ್ತದೆ. ಆದರೆ 7 ಮಾತ್ರೆಯ ರೂಪಕ್ ತಾಳಕ್ಕೆ 7/4 ಇಟ್ಟರೆ ಅದೇ ಬಾರ್ ಪೂರ್ತಿ ಆವರ್ತನವಾಗುತ್ತದೆ, ಅಂದರೆ ತಾಳದ ಒಂದು ಸುತ್ತು. ಒಂದೇ ಬಾರ್‌ಗೆ ಎರಡು ಹೆಸರು ಕೊಡಲಾದೀತೇ? ಅದಕ್ಕೇ ಸದ್ಯಕ್ಕೆ 'ಬಾರ್' ಎಂದೇ ಬರೆದಿದ್ದೇನೆ.

ಟೈಮ್ ಸಿಗ್ನೇಚರನ್ನು 'ತಾಳ' ಎನ್ನಲು ಮನಸ್ಸು ಒಪ್ಪುತ್ತಿಲ್ಲ. ತಾಳದಲ್ಲಿ ಬರೀ ಎಣಿಕೆ ಇಲ್ಲ. ತೀನ್‌ತಾಲದ 9ನೇ ಮಾತ್ರೆ ಖಾಲಿ, ಅಂದರೆ ಒತ್ತಿಲ್ಲದ ಜಾಗ. 4/4ರ ಕ್ಲಿಕ್ (ಮಾತ್ರೆ ಎಣಿಸಲು ಸಾಫ್ಟ್‌ವೇರ್ ಬಡಿಯುವ ಸದ್ದು) ಅದನ್ನೂ ತಾಳದ ಮೊದಲ ಮಾತ್ರೆಯಾದ ಸಮ್‌ನಷ್ಟೇ ಜೋರಾಗಿ ಬಡಿಯುತ್ತದೆ. ರೂಪಕ್‌ನಲ್ಲಿ ಇನ್ನೂ ಕೆಟ್ಟದು: ಅಲ್ಲಿ ಸಮ್ ಬರುವುದೇ ಖಾಲಿಯ ಮೇಲೆ, ಕ್ಲಿಕ್ ಅಲ್ಲೇ ಒತ್ತು ಕೊಡುತ್ತದೆ. ಆ ಗುಂಡಿಗೆ 'ತಾಳ' ಎಂದು ಹೆಸರಿಟ್ಟರೆ ಕಲಿಯುವ ಹುಡುಗ ಅದು ಹೇಳಿದ್ದೇ ತಾಳ ಎಂದು ನಂಬಿಬಿಡುತ್ತಾನೆ. 'ಮಾತ್ರೆ ಎಣಿಕೆ' ಎಂದರೆ ಸಾಕೇ? ಮೇಲಿನ ಅಂಕಿಗೆ ಅದು ಸರಿಹೊಂದುತ್ತದೆ. ಕೆಳಗಿನ ಅಂಕಿ ಪಾಶ್ಚಾತ್ಯ ಸ್ವರಲಿಪಿಯದು, ನಮ್ಮ ತಾಳಗಳಲ್ಲಿ ಅದಕ್ಕೆ ಜೋಡಿಯೇ ಇಲ್ಲ.

ಇನ್ನೊಂದು, ಟೆಂಪೊ ಮ್ಯಾಪ್. ತತ್ವಪದ ಸಾವಕಾಶ ಶುರುವಾಗಿ, ದಮ್ಮಡಿ (ಬಡಿಯುವ ಚರ್ಮವಾದ್ಯ) ಕಾವೇರಿದ ಹಾಗೆ ಜಲ್ದಿ ಆಗುತ್ತದೆ. ಕೊನೆವರೆಗೂ ಒಂದೇ ಅಂಕಿ ಇಟ್ಟರೆ ಹಾಡು ಸತ್ತೇ ಹೋಗುತ್ತದೆ. ಹಾಡಿನ ಯಾವ ಜಾಗದಲ್ಲಿ ಲಯ ಎಷ್ಟಿರಬೇಕು ಎಂದು ಗುರುತು ಹಾಕುವ ಈ ಸಾಲಿಗೆ 'ಲಯದ ಏರಿಳಿತ' ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕ ಪದ ಇದ್ದರೆ ತಿಳಿಸಿ.

ಬೀದರ್, ಯಾದಗಿರಿ ಕಡೆಯವರಿಗೆ ಒಂದು ವಿಶೇಷ ಕೋರಿಕೆ. ನಿಮ್ಮೂರ ಭಜನಾ ಮೇಳದವರು ತಾಳದ ಒಂದು ಸುತ್ತಿಗೆ ಏನನ್ನುತ್ತಾರೆ? ಹಾಡು ಜಲ್ದಿ ಮಾಡಲು ದಮ್ಮಡಿಯವನಿಗೆ ಯಾವ ಮಾತಿನಲ್ಲಿ ಹೇಳುತ್ತಾರೆ? ಕೇಳಿದ ಹಾಗೇ ಬರೆದು ಕಳಿಸಿ.