ಆರ್‌ಎ ಕೆಲಸ ಒಪ್ಪಿಕೊಳ್ಳಲೇ? ಮಾಡಿದವರು ದಯವಿಟ್ಟು ಹೇಳಿ

ಪ್ರಶ್ನೆ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ, ಎಫ್-1 ಎಂಬ ವಿದ್ಯಾರ್ಥಿ ವೀಸಾ. ಬರುವ ಆಗಸ್ಟ್‌ನಿಂದ ಮೊದಲ ವರ್ಷದವರ ವಸತಿ ನಿಲಯದಲ್ಲಿ ರೆಸಿಡೆಂಟ್ ಅಸಿಸ್ಟೆಂಟ್, ಅಂದರೆ ಆರ್‌ಎ, ಆಗುವಂತೆ ಪತ್ರ ಬಂದಿದೆ. ಒಂಟಿ ಕೋಣೆ ಉಚಿತ, ಊಟದ ಖರ್ಚಿನಲ್ಲೂ ಒಂದು ಪಾಲು ಕೊಡುತ್ತಾರೆ. ಮನೆಯಲ್ಲಿ ಎಲ್ಲರಿಗೂ ಖುಷಿ. ‘ಹಾಗಾದರೆ ಹಾಸ್ಟೆಲ್ ವಾರ್ಡನ್ ಆಗುತ್ತೀಯಾ?’ ಎಂದು ಅಪ್ಪ ಕೇಳಿದರು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ನನಗೇ ತಿಳಿಯಲಿಲ್ಲ. ಪತ್ರದಲ್ಲಿ ‘ಸಮುದಾಯ ಕಟ್ಟುವುದು’ ಎಂಬಂಥ ದೊಡ್ಡ ಮಾತುಗಳಿವೆ. ನಿಜವಾದ ಕೆಲಸ ಏನು? ಓದಲು ಸಮಯ ಉಳಿಯುತ್ತದೆಯೇ? ಜಗಳ ಕಂಡರೆ ದೂರ ಸರಿಯುವ ಸ್ವಭಾವ ನನ್ನದು, ಅದನ್ನೂ ಹೇಳಿಬಿಡುತ್ತೇನೆ.

ಪದವಿ ಮುಗಿಯುವವರೆಗೂ ಆರ್‌ಎ ಆಗಿದ್ದವರು

ವಾರ್ಡನ್ ಅಲ್ಲ ಎಂದು ಅಪ್ಪನವರಿಗೆ ಹೇಳಿ. ವಾರ್ಡನ್‌ಗೆ ಅಧಿಕಾರವಿರುತ್ತದೆ, ಕೆಲಸ ಮುಗಿಸಿ ಹೋಗಲು ಬೇರೆ ಮನೆಯಿರುತ್ತದೆ. ಆರ್‌ಎಗೆ ಎರಡೂ ಇಲ್ಲ. ನೀವು ಅದೇ ಮಹಡಿಯಲ್ಲಿ ವಾಸಿಸುವ ಇನ್ನೊಬ್ಬ ವಿದ್ಯಾರ್ಥಿ. ಯಾರಿಗೂ ದಂಡ ಹಾಕಲು ಬರುವುದಿಲ್ಲ, ಯಾರ ಕಪಾಟನ್ನೂ ತೆರೆದು ಹುಡುಕುವಂತಿಲ್ಲ. ಬಾಗಿಲು ತಟ್ಟಿ ನಿಮ್ಮ ಪರಿಚಯ ಹೇಳಬೇಕು, ಕಣ್ಣಿಗೆ ಬಿದ್ದದ್ದನ್ನು ಬರೆದು ಕಳುಹಿಸಬೇಕು. ತೀರ್ಮಾನ ಶಿಸ್ತು ಕಚೇರಿಯದು.

ಉಳಿದವರು ರಜೆಯಲ್ಲಿರುವಾಗಲೇ ನಿಮ್ಮ ವರ್ಷ ಶುರುವಾಗುತ್ತದೆ. ತರಬೇತಿ, ಅಣಕು ಸನ್ನಿವೇಶಗಳು, ಪ್ರತಿ ಬಾಗಿಲಿಗೂ ಹೆಸರಿನ ಚೀಟಿ ಕತ್ತರಿಸುವುದು. ಈ ಕತ್ತರಿ ಕೆಲಸ ನೋಡಿ ನಗಬೇಡಿ. ಬಂದ ದಿನ ಬಾಗಿಲ ಮೇಲೆ ತನ್ನ ಹೆಸರು ಸರಿಯಾದ ಕಾಗುಣಿತದಲ್ಲಿ ಕಂಡ ಹುಡುಗ ಅಕ್ಟೋಬರ್‌ನಲ್ಲಿ ಕಷ್ಟ ಬಂದಾಗ ನಿಮ್ಮ ಬಾಗಿಲು ತಟ್ಟುವ ಸಾಧ್ಯತೆ ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಮಹಡಿಯ ಎಲ್ಲರ ಹೆಸರು ಕಲಿತುಬಿಡಿ. ನನ್ನ ಮಟ್ಟಿಗೆ ಉಳಿದ ಕಾರ್ಯಕ್ರಮಗಳೆಲ್ಲ ಅದರ ಮುಂದೆ ಅಲಂಕಾರ.

ಇನ್ನು ಡ್ಯೂಟಿ ರಾತ್ರಿಗಳು. ಸರದಿಯ ಪ್ರಕಾರ ಡ್ಯೂಟಿ ಫೋನ್ ನಿಮ್ಮ ಕೈಗೆ ಬರುತ್ತದೆ. ಕಟ್ಟಡ ಬಿಟ್ಟು ಹೋಗುವಂತಿಲ್ಲ. ಸಂಜೆಯಿಂದ ನಡುರಾತ್ರಿಯವರೆಗೆ ಕೆಲವು ಸುತ್ತು ನಡೆಯಬೇಕು, ವಾರಾಂತ್ಯದಲ್ಲಿ ಇನ್ನೂ ತಡವಾಗಿ. ಕೀಲಿ ಒಳಗೆ ಮರೆತವರು, ಸ್ನಾನದ ಟವೆಲ್‌ನಲ್ಲೇ ಹೊರಗೆ ಸಿಕ್ಕಿಬಿದ್ದವರು, ಮೈಕ್ರೊವೇವ್‌ನಲ್ಲಿ ಪಾಪ್‌ಕಾರ್ನ್ ಸುಟ್ಟು ಬೆಂಕಿಯ ಗಂಟೆ ಬಾರಿಸಿದವರು. ಚಳಿಯಲ್ಲಿ ಇಡೀ ಕಟ್ಟಡ ಹೊರಗೆ ನಿಂತು ಶಪಿಸುವಾಗ ಎಲ್ಲರೂ ಬಂದಿದ್ದಾರೆಯೇ ಎಂದು ನೋಡುವವರು ನೀವು. ಥ್ಯಾಂಕ್ಸ್‌ಗಿವಿಂಗ್‌ಗೂ ಚಳಿಗಾಲದ ರಜೆಗೂ ಕಟ್ಟಡ ಮುಚ್ಚುವಾಗ ಕೊನೆಯಲ್ಲಿ ಹೊರಡುವವರು, ತೆರೆಯುವಾಗ ಮೊದಲು ಬರುವವರು. ಊರಿಗೆ ಹೋಗುವ ವಿಮಾನದ ಟಿಕೆಟ್ ತೆಗೆಯುವ ಮುನ್ನ ಆ ದಿನಾಂಕಗಳನ್ನು ಕೇಳಿಕೊಳ್ಳಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ರೂಮ್‌ಮೇಟ್ ಜಗಳಗಳಲ್ಲಿ ನುರಿತವರು

ಜಗಳ ಕಂಡರೆ ದೂರ ಸರಿಯುತ್ತೀರಿ ಎಂದಿರಲ್ಲ, ಅಂಥವರೇ ಈ ಕೆಲಸವನ್ನು ಚೆನ್ನಾಗಿ ಮಾಡುವುದನ್ನು ನೋಡಿದ್ದೇನೆ. ನ್ಯಾಯ ಹೇಳುವ ಉತ್ಸಾಹ ಇರುವವರೇ ಕೆಡಿಸುವುದು.

ಬಹಳ ಕಡೆ ವರ್ಷದ ಆರಂಭದಲ್ಲಿ ರೂಮ್‌ಮೇಟ್ ಒಪ್ಪಂದ ಎಂಬ ಕಾಗದ ತುಂಬಿಸುತ್ತಾರೆ. ಎಷ್ಟು ಗಂಟೆಗೆ ದೀಪ ಆರಿಸಬೇಕು, ಅತಿಥಿಗಳು ರಾತ್ರಿ ಉಳಿಯಬಹುದೇ, ಯಾರ ವಸ್ತುವನ್ನು ಯಾರು ಮುಟ್ಟಬಹುದು. ಆಗ ಎಲ್ಲರೂ ಸಂತರು, ‘ನನಗೇನೂ ಅಭ್ಯಂತರವಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಅದನ್ನು ಹಾಗೆಯೇ ಬಿಡಬೇಡಿ. ‘ನಾಳೆ ಪರೀಕ್ಷೆ ಇದೆ, ಇವನ ಗೆಳೆಯ ರಾತ್ರಿ ಒಂದು ಗಂಟೆಗೆ ಕೋಣೆಯಲ್ಲಿದ್ದಾನೆ. ಆಗ ಏನು ಮಾಡುತ್ತೀರಿ?’ ಎಂದು ಕೇಳಿ. ಕೋಪವಿಲ್ಲದ ದಿನ ಕೊಟ್ಟ ಉತ್ತರ ಕೋಪದ ದಿನ ಉಪಯೋಗಕ್ಕೆ ಬರುತ್ತದೆ.

ದೂರು ಬಂದಾಗ ಮೊದಲು ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳಿ, ಆಮೇಲೆ ಇಬ್ಬರನ್ನೂ ಕೂರಿಸಿ. ಬಹಳ ಸಲ ‘ಅವಳಿಗೆ ಇದನ್ನು ಹೇಳಿದ್ದೀಯಾ?’ ಎಂದರೆ ಉತ್ತರ ‘ಇಲ್ಲ’. ಗೋಡೆಯ ಮೇಲೆ ಚೀಟಿ ಅಂಟಿಸಿರುತ್ತಾರೆ, ಸಂದೇಶ ಕಳುಹಿಸಿರುತ್ತಾರೆ, ಅಮ್ಮನಿಗೂ ಹೇಳಿರುತ್ತಾರೆ, ಎರಡು ಮೀಟರ್ ದೂರದ ಹಾಸಿಗೆಯಲ್ಲಿರುವವಳಿಗೆ ಮಾತ್ರ ಹೇಳಿರುವುದಿಲ್ಲ. ಆ ಮೊದಲ ಮಾತಿಗೆ ಜಾಗ ಮಾಡಿಕೊಡುವುದಷ್ಟೇ ನಿಮ್ಮ ಪಾಲು. ಆದರೆ ಬೆದರಿಕೆ, ಹೊಡೆತ, ಜನಾಂಗದ ನಿಂದನೆ ಇದ್ದರೆ ಸಂಧಾನಕ್ಕೆ ಕೂರಿಸಬೇಡಿ. ಅದು ಆ ಕ್ಷಣವೇ ಮೇಲಕ್ಕೆ ಹೋಗಬೇಕು.

ತಂದೆತಾಯಿಯರ ಕರೆಗಳೂ ಬರುತ್ತವೆ. ಮಗಳ ಅಂಕ, ಮಗನ ಶಿಸ್ತು ಪ್ರಕರಣ ಯಾವುದನ್ನೂ ಹೇಳುವ ಹಕ್ಕು ನಿಮಗಿಲ್ಲ. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಗೆ ಫೆರ್ಪಾ ಎಂಬ 1974ರ ಕಾನೂನಿದೆ. ವಿನಯದಿಂದ ವಸತಿ ಕಚೇರಿಯ ಸಂಖ್ಯೆ ಕೊಟ್ಟು ಮುಗಿಸಿ.

ಈಗ ಕೌನ್ಸೆಲಿಂಗ್ ಓದುತ್ತಿರುವ ಹಳೆಯ ಆರ್‌ಎ

ಮೇಲಿನವರು ಬಿಟ್ಟದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸದ ಭಾರ ಇಲ್ಲೇ ಇದೆ.

ಒಂದು ರಾತ್ರಿ ಯಾರೋ ಬಂದು ‘ನಿಮಗೆ ಒಂದು ವಿಷಯ ಹೇಳಬೇಕು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ’ ಎನ್ನುತ್ತಾರೆ. ಆ ಮಾತನ್ನು ಕೊಡುವಂತಿಲ್ಲ. ಲೈಂಗಿಕ ಕಿರುಕುಳ, ಅತ್ಯಾಚಾರದಂಥ ಸಂಗತಿ ಕಿವಿಗೆ ಬಿದ್ದರೆ ಟೈಟಲ್ ನೈನ್ ಕಚೇರಿಗೆ, ಅಂದರೆ ಲಿಂಗ ತಾರತಮ್ಯ ತಡೆಯುವ ಕಾನೂನಿನಡಿ ಇಂಥ ದೂರು ನೋಡುವ ಕಚೇರಿಗೆ, ತಿಳಿಸಲೇಬೇಕೆಂದು ಬಹುತೇಕ ವಿಶ್ವವಿದ್ಯಾಲಯಗಳು ಆರ್‌ಎಗಳಿಗೆ ನಿಯಮ ಮಾಡಿವೆ. ಆದ್ದರಿಂದ ಅವರು ಹೇಳುವ ಮೊದಲೇ ನೀವು ಹೇಳಿಬಿಡಬೇಕು: ‘ನಾನು ಕೇಳಿಸಿಕೊಳ್ಳುತ್ತೇನೆ. ಆದರೆ ಕೆಲವು ವಿಷಯಗಳನ್ನು ನನ್ನಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ. ಗುಟ್ಟಾಗಿಯೇ ಇರಬೇಕೆಂದರೆ ಕ್ಯಾಂಪಸ್‌ನ ಆಪ್ತಸಮಾಲೋಚಕರ ಬಳಿಗೆ ನಿನ್ನ ಜೊತೆ ಬರುತ್ತೇನೆ.’ ಆಯ್ಕೆ ಅವರ ಕೈಯಲ್ಲಿ ಉಳಿಯಬೇಕು. ಹೇಳಿಸಿಕೊಂಡ ಮೇಲೆ ನಿಯಮ ತೆಗೆದರೆ ಅವರ ಪಾಲಿಗೆ ಅದು ಎರಡನೆಯ ಪೆಟ್ಟು.

ಇದರ ಹಿಂದೆ ಇನ್ನೊಂದು ಇತಿಹಾಸವಿದೆ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ವಸತಿ ನಿಲಯದಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ಅವಳ ಕೋಣೆಯಲ್ಲೇ ನಡೆಯಿತು. ಅವಳ ತಂದೆತಾಯಿಯ ಹೋರಾಟದಿಂದ 1990ರಲ್ಲಿ ಬಂದ ಕಾನೂನು ಇಂದು ಅವಳ ಹೆಸರಲ್ಲೇ ಇದೆ. ಅದರಂತೆ ಕ್ಯಾಂಪಸ್‌ಗಳು ಅಪರಾಧಗಳ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು. ಆ ಲೆಕ್ಕಕ್ಕೆ ಮಾಹಿತಿ ಕೊಡಬೇಕಾದವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಆರ್‌ಎಗಳೂ ಇರುತ್ತಾರೆ. ತರಬೇತಿಯಲ್ಲಿ ಇದನ್ನು ತೂಕಡಿಸುವ ಮಧ್ಯಾಹ್ನ ಹೇಳುತ್ತಾರೆ, ಆದರೆ ಬಾಗಿಲಿನ ಬೀಗದ ಬಗ್ಗೆ ನಿಮ್ಮ ನಿಲಯ ಇಷ್ಟು ಹಟ ಹಿಡಿಯುವುದು ಏಕೆ ಎಂಬುದು ಅಲ್ಲೇ ಅರ್ಥವಾಗುತ್ತದೆ. ಕ್ಲೆರಿಯ ನಿಲಯದಲ್ಲಿ ತಾವಾಗಿ ಬೀಗ ಬೀಳಬೇಕಿದ್ದ ಬಾಗಿಲುಗಳನ್ನು ಯಾರೋ ಮುಚ್ಚದಂತೆ ಅಡ್ಡ ಕೊಟ್ಟು ತೆರೆದಿಟ್ಟಿದ್ದರು.

ಆತ್ಮಹತ್ಯೆಯ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ನಿಲಯದ ಮೇಲ್ವಿಚಾರಕರಾದ ಹಾಲ್ ಡೈರೆಕ್ಟರ್‌ಗೆ ಕರೆ ಮಾಡಿ. ಜೀವಕ್ಕೆ ತಕ್ಷಣ ಅಪಾಯವಿದ್ದರೆ ತುರ್ತು ಸಂಖ್ಯೆ 911. ಯಾವ ಹೊತ್ತಿನಲ್ಲಾದರೂ ಮಾತನಾಡಲು 2022ರಿಂದ ದೇಶದಾದ್ಯಂತ 988 ಸಂಖ್ಯೆ ಇದೆ. ರಾತ್ರಿಯೆಲ್ಲ ಕೂತು ಒಬ್ಬರೇ ಸರಿಪಡಿಸಲು ಹೋಗಬೇಡಿ. ಸರಿಯಾದ ಕೈಗೆ ಒಪ್ಪಿಸುವವರೆಗೆ ಜೊತೆಗಿರುವುದೇ ಆರ್‌ಎ ಮಾಡಬೇಕಾದದ್ದು.

ಒಂದು ಸೆಮಿಸ್ಟರ್‌ಗೇ ಬಿಟ್ಟವರು

ಎಲ್ಲರೂ ಸೊಗಸಾಗಿ ಹೇಳಿದ್ದೀರಿ, ನಾನು ಬೇಡ ಎನ್ನುತ್ತೇನೆ. ಕನಿಷ್ಠ ಲೆಕ್ಕ ಹಾಕದೆ ಒಪ್ಪಬೇಡಿ.

ಎಫ್-1ನವರು ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮೀರಿ ಕೆಲಸ ಮಾಡುವಂತಿಲ್ಲ. ಆರ್‌ಎ ಕೆಲಸ ಆ 20ರಲ್ಲಿ ಎಷ್ಟನ್ನು ನುಂಗುತ್ತದೆ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಗ್ರಂಥಾಲಯದ ಕೆಲಸವನ್ನೋ ಪ್ರಯೋಗಾಲಯದ ಕೆಲಸವನ್ನೋ ಬಿಡಬೇಕಾಗಬಹುದು. ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಇದ್ದರೆ, ಉಚಿತ ಕೋಣೆಯ ಬೆಲೆಯನ್ನು ಅದರಿಂದ ಕಳೆಯುತ್ತಾರೆಯೇ ಎಂದೂ ಕೇಳಿ. ಕೆಲವು ಕಡೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆಯುತ್ತಾರೆ.

ಲೆಕ್ಕಕ್ಕೆ ಸಿಗದ್ದು, ನಿಮ್ಮ ಕೋಣೆ ಮನೆಯಾಗಿ ಉಳಿಯದಿರುವುದು. ಡ್ಯೂಟಿ ಇಲ್ಲದ ದಿನವೂ ಬಾಗಿಲು ತಟ್ಟುತ್ತಾರೆ, ಹಲ್ಲುಜ್ಜುವಾಗಲೂ ‘ಒಂದು ನಿಮಿಷ’ ಎನ್ನುತ್ತಾರೆ. ಇಲ್ಲಿ 21 ತುಂಬದವರಿಗೆ ಮದ್ಯ ಇಲ್ಲ, ಮೊದಲ ವರ್ಷದವರು ಹೆಚ್ಚುಕಡಿಮೆ ಎಲ್ಲರೂ ಹದಿನೆಂಟು, ಹತ್ತೊಂಬತ್ತು. ಹಾಗಾಗಿ ನಗುಮುಖದಿಂದ ಕಾಫಿ ಕುಡಿಸಿದವರ ಹೆಸರನ್ನೇ ಶನಿವಾರ ರಾತ್ರಿ ಬರೆದು ಕಳುಹಿಸಬೇಕು. ನನಗೆ ಅದು ಒಗ್ಗಲಿಲ್ಲ. ನಾನು ಕೆಲಸ ಬಿಟ್ಟಾಗ ಕೋಣೆಯನ್ನೂ ಬಿಡಬೇಕಾಯಿತು, ಸೆಮಿಸ್ಟರ್ ನಡುವೆ ಬೇರೆ ಜಾಗ ಹುಡುಕುವ ಪಾಡು ಯಾರಿಗೂ ಬೇಡ. ಆ ಷರತ್ತು ಒಪ್ಪಂದದ ಕೊನೆಯ ಪುಟದಲ್ಲಿರುತ್ತದೆ.

ಕೆಲಸಗಾರರೆಂದು ಮನ್ನಣೆ ಕೇಳಿದ ಆರ್‌ಎಗಳೂ ಇದ್ದಾರೆ: ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನವರು 2002ರಲ್ಲೇ ಮತ ಹಾಕಿ ಸಂಘ ಕಟ್ಟಿಕೊಂಡರು. ನಿಮ್ಮಲ್ಲಿ ಸಂಘವಿದ್ದರೆ ಅವರನ್ನೇ ಮೊದಲು ವಿಚಾರಿಸಿ.

ಹಾಲ್ ಡೈರೆಕ್ಟರ್ ಆಗಿರುವವರು

ಆರ್‌ಎಗಳ ವರದಿ ಓದುವುದೇ ನನ್ನ ಬೆಳಗಿನ ಕೆಲಸ. ಬಿಟ್ಟವರ ಮಾತಿನಲ್ಲಿ ಅತಿಶಯವಿಲ್ಲ. ಗೆಳೆಯರ ಹೆಸರು ಬರೆಯುವ ಸಂಕಟಕ್ಕೆ ಒಂದೇ ದಾರಿ: ಹೆಸರು ಬರೆಯಬೇಕಾಗುತ್ತದೆ ಎಂದು ಮೊದಲ ಸಭೆಯಲ್ಲೇ ಹೇಳಿ, ಪ್ರತಿಯೊಬ್ಬರಿಗೂ ಒಂದೇ ರೀತಿ ನಡೆದುಕೊಳ್ಳಿ. ಒಬ್ಬರಿಗೆ ಕಣ್ಣು ಮುಚ್ಚಿದರೆ ವಾರದೊಳಗೆ ಮಹಡಿಗೆಲ್ಲ ಗೊತ್ತಾಗುತ್ತದೆ.

ವರದಿಯಲ್ಲಿ ಊಹೆ ಬೇಡ. ‘ಅವನು ಕುಡಿದಿದ್ದ’ ಎಂದು ಬರೆಯಬೇಡಿ. ‘ಮಾತು ತೊದಲುತ್ತಿತ್ತು, ಮದ್ಯದ ವಾಸನೆ ಬರುತ್ತಿತ್ತು, ಮೇಜಿನ ಮೇಲೆ ತೆರೆದ ನಾಲ್ಕು ಡಬ್ಬಿಗಳಿದ್ದವು, ಸಮಯ 11.40’ ಎಂದು ಬರೆಯಿರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ವರದಿ ಆಮೇಲೆ, ಮೊದಲು ಆಂಬುಲೆನ್ಸ್. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಿಟ್ಟು ಹೋಗಬೇಡಿ. ಸಹಾಯಕ್ಕೆ ಕರೆದವರನ್ನು ಶಿಕ್ಷಿಸದ ನಿಯಮ ಬಹಳ ಕ್ಯಾಂಪಸ್‌ಗಳಲ್ಲಿದೆ. ಅದನ್ನು ವಿದ್ಯಾರ್ಥಿಗಳಿಗೆ ಸೆಪ್ಟೆಂಬರ್‌ನಲ್ಲೇ ತಿಳಿಸಿ, ಹೆದರಿ ಬಾಗಿಲು ಹಾಕಿಕೊಳ್ಳುವುದು ತಪ್ಪುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ವೀಸಾ ಗಂಟೆಗಳ ಬಗ್ಗೆ ನಾಳೆಯೇ ಕೇಳುತ್ತೇನೆ. ಕೊನೆಯದೊಂದು: ಆಗಸ್ಟ್‌ನ ಸೆಮಿಸ್ಟರ್‌ನಲ್ಲಿ ಕಠಿಣವಾದ ಎರಡು ವಿಷಯಗಳಿವೆ. ಡ್ಯೂಟಿ ದಿನಗಳನ್ನು ನಾವೇ ಆರಿಸಿಕೊಳ್ಳಬಹುದೇ?

ಪದವಿ ಮುಗಿಯುವವರೆಗೂ ಆರ್‌ಎ ಆಗಿದ್ದವರು

ಸಾಮಾನ್ಯವಾಗಿ ಇಡೀ ತಂಡ ಕೂತು ಹಂಚಿಕೊಳ್ಳುತ್ತದೆ. ಪರೀಕ್ಷೆಯ ದಿನಾಂಕಗಳನ್ನು ಬರೆದುಕೊಂಡು ಆ ಸಭೆಗೆ ಹೋಗಿ, ಪರೀಕ್ಷೆಯ ಹಿಂದಿನ ರಾತ್ರಿಗಳನ್ನು ಮೊದಲೇ ತಪ್ಪಿಸಿಕೊಳ್ಳಿ. ಬದಲಿಗೆ ಯಾರಿಗೂ ಬೇಡವಾದ ಒಂದು ವಾರಾಂತ್ಯವನ್ನು ನೀವಾಗಿಯೇ ತೆಗೆದುಕೊಂಡರೆ, ಆಮೇಲೆ ಅದಲುಬದಲು ಕೇಳಿದಾಗ ಯಾರೂ ಇಲ್ಲವೆನ್ನುವುದಿಲ್ಲ.