ಜನವರಿಯಲ್ಲಿ ಪಾಸೌನಿಂದ ವಿಯೆನ್ನಾಕ್ಕೆ ಸೈಕಲ್ ಪ್ರಯಾಣ: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಮ್ಯೂನಿಕ್‌ನಿಂದ

ನಮಸ್ಕಾರ. ಜನವರಿ ಎರಡನೆಯ ವಾರದಲ್ಲಿ ಜರ್ಮನಿಯ ಪಾಸೌನಿಂದ ಡ್ಯಾನ್ಯೂಬ್ ನದಿಯ ದಂಡೆಗುಂಟ ಆಸ್ಟ್ರಿಯಾದ ವಿಯೆನ್ನಾದವರೆಗೆ, ಸುಮಾರು 320 ಕಿಲೋಮೀಟರ್, ಸೈಕಲ್‌ನಲ್ಲಿ ಹೋಗಬೇಕೆಂದಿದ್ದೇನೆ. ಬೇಸಿಗೆಯಲ್ಲಿ ಇದೇ ದಾರಿಯನ್ನು ನಾಲ್ಕು ದಿನಗಳಲ್ಲಿ ಮುಗಿಸಿದ್ದೆ. ಈ ಬಾರಿ ಹೋಟೆಲ್ ಬೇಡವೆಂದು, ವಾರ್ಮ್‌ಶವರ್ಸ್ ಎಂಬ ಜಾಲತಾಣದ ಮೂಲಕ ಸೈಕಲ್ ಪ್ರಯಾಣಿಕರಿಗೆ ಉಚಿತವಾಗಿ ಜಾಗ ಕೊಡುವವರ ಮನೆಗಳಲ್ಲಿ ತಂಗುವ ಯೋಚನೆಯಿದೆ. ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳಬೇಕು, ಸಿದ್ಧತೆ ಹೇಗಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಲಿಂಟ್ಸ್‌ನಿಂದ

ಬೇಸಿಗೆಯ ಲೆಕ್ಕವನ್ನು ಮೊದಲು ಮರೆತುಬಿಡಿ. ಜನವರಿಯ ನಡುವಿನಲ್ಲಿ ಇಲ್ಲಿ ಬೆಳಗಾಗುವುದು ಏಳೂಮುಕ್ಕಾಲಿಗೆ, ಸೂರ್ಯ ಮುಳುಗುವುದು ನಾಲ್ಕೂವರೆಯ ಹೊತ್ತಿಗೆ. ನದಿಯ ಮೇಲೆ ಮಂಜು ಕವಿದ ದಿನ ಮಧ್ಯಾಹ್ನವೂ ಮಬ್ಬಾಗಿಯೇ ಇರುತ್ತದೆ. ದಿನಕ್ಕೆ ಐವತ್ತು ಕಿಲೋಮೀಟರ್ ಸಾಕು. ಷ್ಲ್ಯೋಗನ್ ತಿರುವಿನ ಬಳಿ ಸೈಕಲ್‌ಗಳನ್ನು ದಾಟಿಸುವ ಸಣ್ಣ ದೋಣಿಗಳು ಚಳಿಗಾಲದಲ್ಲಿ ಓಡುವುದಿಲ್ಲ, ಉತ್ತರ ದಂಡೆಯ ದಾರಿ ಅಲ್ಲಿ ತುಂಡಾಗುತ್ತದೆ. ಆದ್ದರಿಂದ ಆ ಭಾಗದಲ್ಲಿ ದಕ್ಷಿಣ ದಂಡೆಯನ್ನೇ ಹಿಡಿಯಿರಿ. ನದಿಗೆ ಅಂಟಿಕೊಂಡ ದಾರಿಯ ಎಷ್ಟೋ ಕಡೆ ಹಿಮ ತೆಗೆಯುವವರಿಲ್ಲ, ಮೊಳೆಯುಳ್ಳ ಚಳಿಗಾಲದ ಟೈರ್ ಇಲ್ಲದೆ ಹೊರಡಬೇಡಿ.

ವಿಯೆನ್ನಾದಿಂದ

ಟೈರ್ ವಿಷಯದಲ್ಲಿ ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಿಮವಿಲ್ಲದ ವಾರದಲ್ಲಿ ಆ ಮೊಳೆಗಳು ಟಾರಿನ ಮೇಲೆ ಕರಕರ ಸದ್ದು ಮಾಡುತ್ತ ಕಾಲಿನ ಶಕ್ತಿಯನ್ನು ಹೀರುತ್ತವೆಯಷ್ಟೆ. ರಸ್ತೆ ಮಂಜುಗಟ್ಟಿದ ದಿನ ನಾನಂತೂ ಸೈಕಲ್ಲನ್ನು ರೈಲಿಗೆ ಏರಿಸುತ್ತೇನೆ.

ನನ್ನನ್ನು ಕೈಬಿಟ್ಟದ್ದು ಸೈಕಲ್ಲಿನ ಬೇರೆಯೇ ಭಾಗ. ಮೆಲ್ಕ್ ಸಮೀಪ, ಮೈನಸ್ 11 ಡಿಗ್ರಿಯ ಒಂದು ಬೆಳಿಗ್ಗೆ, ಪೆಡಲ್ ಗಿರ್ರನೆ ತಿರುಗುತ್ತಿತ್ತು, ಹಿಂದಿನ ಚಕ್ರ ಮಾತ್ರ ಅಲ್ಲಾಡಲಿಲ್ಲ. ಚೈನ್ ಸರಿಯಾಗಿಯೇ ಇತ್ತು. ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ಉರುಳಲು ಬಿಡುವ ಫ್ರೀವೀಲಿನ ಒಳಗೆ ತುಂಬಿದ್ದ ದಪ್ಪ ಗ್ರೀಸ್ ಚಳಿಗೆ ಮೇಣದಂತಾಗಿ, ಹಲ್ಲಿಗೆ ಕಚ್ಚಿಕೊಳ್ಳಬೇಕಾದ ಪುಟ್ಟ ಕೊಕ್ಕೆಗಳು ಮೇಲೇಳದೆ ಕುಳಿತುಬಿಟ್ಟಿದ್ದವು. ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಹಿಂದಿನ ರಾತ್ರಿ ತಂಗಿದ್ದ ಮನೆಗೇ ಮರಳಿದೆ. ಮನೆಯೊಡತಿ ಕೂದಲು ಒಣಗಿಸುವ ಡ್ರೈಯರ್ ತಂದುಕೊಟ್ಟರು, ಹತ್ತು ನಿಮಿಷ ಬಿಸಿಗಾಳಿ ಹಿಡಿದ ಮೇಲೆ ಟಕಟಕ ಸದ್ದು ಮತ್ತೆ ಕೇಳಿಸಿತು. ಹೊರಡುವ ಮೊದಲೇ ಫ್ರೀವೀಲನ್ನು ಬಿಚ್ಚಿಸಿ ತೆಳು ಎಣ್ಣೆ ಹಾಕಿಸಿ. ಬಿಗಿಯಾದ ಶೂ ಒಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಸಂಚಾರ ಕಡಿಮೆಯಾಗಿ ಬೆರಳುಗಳು ಇನ್ನಷ್ಟು ಮರಗಟ್ಟುತ್ತವೆ; ಒಂದು ಅಳತೆ ದೊಡ್ಡ ಶೂ ತೆಗೆದುಕೊಳ್ಳಿ.

ಬೆಂಗಳೂರಿನಿಂದ, ಹಿಂದೆ ಕ್ರೆಮ್ಸ್‌ನಲ್ಲಿದ್ದವರು

ನಾನು ಮೂರು ವರ್ಷ ಅತಿಥಿಗಳನ್ನು ಇಟ್ಟುಕೊಂಡವಳು, ಆ ಕಡೆಯ ಮಾತು ಹೇಳುತ್ತೇನೆ. ನಿಮಗೆ ಕತ್ತಲಾಗುವುದು ನಾಲ್ಕೂವರೆಗೆ, ಆದರೆ ಕೆಲಸಕ್ಕೆ ಹೋದ ಮನೆಯವರು ಬಾಗಿಲು ತೆರೆಯುವುದು ಆರಕ್ಕೆ. ಚಳಿಗಾಲದಲ್ಲಿ ಈ ಒಂದೂವರೆ ಗಂಟೆಯೇ ದಿನದ ಅತಿ ಕಷ್ಟದ ಭಾಗ, ಏಕೆಂದರೆ ಬೆವರಿದ ಬಟ್ಟೆಯಲ್ಲಿ ನಿಂತವನಿಗೆ ನಡುಕ ಬೇಗ ಹತ್ತುತ್ತದೆ. ಎಲ್ಲಿ ಕಾಯುವುದು, ಬೇಕರಿಯೋ ರೈಲು ನಿಲ್ದಾಣವೋ, ಎಂದು ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿ ಒಣ ಬನಿಯನ್ ಬದಲಿಸಿಕೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ.

ಸೈಕಲ್ ತುಂಬ, ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪು ಬೆರೆತ ಕೆಸರು ಇರುತ್ತದೆ. ಸೈಕಲ್ಲನ್ನು ನೆಲಮಾಳಿಗೆಯಲ್ಲಿ ಇಡಬಹುದೇ ಎಂದು ಬರುವ ಮೊದಲೇ ಕೇಳಿದ ಅತಿಥಿ ನನಗೆ ಅರ್ಧ ಇಷ್ಟವಾಗಿಬಿಡುತ್ತಿದ್ದ. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಅಲ್ಲಿನ ಶಾವಿಗೆಯಲ್ಲೂ ಬ್ರೆಡ್ಡಿನ ಉಂಡೆಯಲ್ಲೂ ಅನೇಕ ಸಲ ಮೊಟ್ಟೆ ಇರುತ್ತದೆ, ಆದ್ದರಿಂದ ಬಿಡಿಸಿ ಬರೆಯಿರಿ. ಸಾರಿನ ಪುಡಿ ಒಂದು ಡಬ್ಬಿ ಜೊತೆಗಿರಲಿ. ಒಂದು ರಾತ್ರಿಯ ಅಡುಗೆ ನಾನೇ ಮಾಡುತ್ತೇನೆಂದರೆ ಬೇಡವೆನ್ನುವವರು ಕಡಿಮೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾಲ್ಕು ದಿನದ ಯೋಜನೆಯನ್ನು ಏಳಕ್ಕೆ ಏರಿಸಿದ್ದೇನೆ, ಫ್ರೀವೀಲ್ ಬಿಚ್ಚಿಸಲು ಶನಿವಾರ ಅಂಗಡಿಗೆ ಕೊಡುತ್ತಿದ್ದೇನೆ. ಟೈರ್ ಬಗ್ಗೆ ಹೊರಡುವ ಹಿಂದಿನ ದಿನದ ಹವಾಮಾನ ನೋಡಿ ತೀರ್ಮಾನಿಸುವೆ. ಸಾರಿನ ಪುಡಿಗೆ ಅಮ್ಮನಿಗೆ ಹೇಳಿಯಾಗಿದೆ.